ಬ್ಲ್ಯಾಕ್ ಕ್ಯಾನ್ಯನ್‌ನ ಬುಲ್‌ಡಾಗ್ ಲಾರಿಗಳು

ಸೇತುವೆಯ ಮೇಲೆ ಟಿಪ್ಪರ್ ಲಾರಿಯೊಂದು ಬಂದು ನಿಲ್ಲುತ್ತದೆ. ತೊಟ್ಟಿ ಮೇಲೇಳುತ್ತದೆ. ಕಲ್ಲು ಮಣ್ಣೆಲ್ಲ ಕೊಲೊರಾಡೊ ನದಿಗೆ ಉರುಳಿ, ಕೆಸರುನೀರು ಚಿಮ್ಮುವಷ್ಟರಲ್ಲಿ ಹಿಂದೆಯೇ ಇನ್ನೊಂದು ಲಾರಿ. ಹದಿನೈದು ಸೆಕೆಂಡಿಗೊಂದು ಲೋಡು. ಇದು 1932ರ ನವೆಂಬರ್, ನೆವಾಡಾ–ಅರಿಜೋನಾ ಗಡಿಯ ಬ್ಲ್ಯಾಕ್ ಕ್ಯಾನ್ಯನ್. ಮುಂದೆ ಹೂವರ್ ಅಣೆಕಟ್ಟು ಎದ್ದುನಿಲ್ಲಬೇಕಾದ ಜಾಗದಿಂದ ನದಿಯನ್ನು ಆಚೆ ತಿರುಗಿಸುತ್ತಿದ್ದಾರೆ. ಎರಡೂ ಬದಿಗೆ ಕಡಿದಾದ ಬಂಡೆಗೋಡೆ. ಇಂಜಿನ್ನಿನ ಗುಡುಗು ಹೊರಹೋಗಲು ದಾರಿಯಿಲ್ಲದೆ ನಿಮ್ಮ ಎದೆಗೇ ಬಂದು ಬಡಿಯುತ್ತದೆ.

ಸಾಲಿನಲ್ಲಿ ಹಲವು ಕಂಪನಿಗಳ ಲಾರಿಗಳಿವೆ. ಅವುಗಳಲ್ಲಿ ಮ್ಯಾಕ್ ಕಂಪನಿಯ ಎಸಿ ಮಾದರಿಯನ್ನು ಹುಡುಕಿಕೊಂಡು ಹತ್ತಿರ ಹೋಗಿ. ಉಳಿದ ಹೆಚ್ಚಿನ ಲಾರಿಗಳಿಗೆ ರೇಡಿಯೇಟರ್ ಮೂತಿಯಲ್ಲಿದ್ದರೆ ಇದಕ್ಕೆ ಇಂಜಿನ್ನಿನ ಹಿಂದೆ, ಚಾಲಕನ ಮೊಣಕಾಲಿನ ಮುಂದೆ. ಹಾಗಾಗಿಯೇ ಬಾನೆಟ್ ಮುಂದಕ್ಕೆ ಜಾರಿ, ಗುದ್ದು ತಿಂದ ನಾಯಿಯ ಮೂಗಿನಂತೆ ಮೊಂಡಾಗಿದೆ. ಹಿಂದಿನ ಗಾಲಿಗಳಿಗೆ ಎರಡೂ ಬದಿ ದಪ್ಪ ಚೈನು. 1916ರಿಂದ ತಯಾರಾಗುತ್ತಿದ್ದ ಈ ಲಾರಿಗೆ ಬುಲ್‌ಡಾಗ್ ಎಂದು ಹೆಸರಿಟ್ಟವರು ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರಂತೆ. ಮುಂದೆ ಮ್ಯಾಕ್ ಲಾರಿಗಳ ಬಾನೆಟ್ ಏರಿ ಕುಳಿತ ನಾಯಿಯ ಗೊಂಬೆಯನ್ನು ಮುಖ್ಯ ಇಂಜಿನಿಯರ್ ಆಲ್ಫ್ರೆಡ್ ಮಾಸುರಿ ಕೆತ್ತಿದ್ದು ಈ 1932ರಲ್ಲೇ, ಆಸ್ಪತ್ರೆಯಲ್ಲಿ ಮಲಗಿದ್ದಾಗ.

ಈಗ ನದಿಯ ನೀರು ನುಗ್ಗುತ್ತಿರುವ ಸುರಂಗದ ಬಾಯಿ ನೋಡಿ. 56 ಅಡಿ ವ್ಯಾಸಕ್ಕೆ ಕೊರೆದ ಬಿಲ. ಅದನ್ನು ಕೊರೆಯುವಾಗ ಸಿಡಿದ ಬಂಡೆಯನ್ನು ಹೊರಗೆ ಸಾಗಿಸಿದ್ದೂ ಲಾರಿಗಳೇ. ಒಳಗೆ ಪೆಟ್ರೋಲ್ ಹೊಗೆ ತುಂಬಿಕೊಳ್ಳುತ್ತಿತ್ತು. ಕಾರ್ಬನ್ ಮಾನಾಕ್ಸೈಡ್ ಕುಡಿದ ಕಾರ್ಮಿಕರು ತಲೆ ಸಿಡಿದು ಕುಸಿಯುತ್ತಿದ್ದರು. ನೆಲದಡಿಯಲ್ಲಿ ಪೆಟ್ರೋಲ್ ಇಂಜಿನ್ ಓಡಿಸಬಾರದೆಂದು ನೆವಾಡಾದ ಕಾನೂನೇ ಇತ್ತು. ಗುತ್ತಿಗೆ ಹಿಡಿದ ಸಿಕ್ಸ್ ಕಂಪನೀಸ್ ಸಂಸ್ಥೆ ಕೋರ್ಟಿಗೆ ಹೋಗಿ ಅದಕ್ಕೆ ತಡೆ ತಂದಿತು. ವಿದ್ಯುತ್ ಎಳೆಬಂಡಿಗಳನ್ನು ತರಿಸಿದ್ದರೆ ಖರ್ಚು ಏರುತ್ತಿತ್ತು, ಕೆಲಸ ತಡವಾಗುತ್ತಿತ್ತು. ಆ ಉಳಿತಾಯದ ಬೆಲೆಯನ್ನು ತೆತ್ತದ್ದು ಕಾರ್ಮಿಕರ ಪುಪ್ಪುಸ. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಈ ಕಣಿವೆಯ ಕೆಲಸವನ್ನೆಲ್ಲ ಸರ್ಕಾರದ ಪರವಾಗಿ ಕ್ಯಾಮೆರಾದಲ್ಲಿ ಹಿಡಿಯುತ್ತಿರುವವನು ಬೆನ್ ಗ್ಲಾಹ. ಅಣೆಕಟ್ಟಿನ ಹೊಣೆ ಹೊತ್ತ ಸರ್ಕಾರಿ ಸಂಸ್ಥೆ ಬ್ಯೂರೋ ಆಫ್ ರೆಕ್ಲಮೇಷನ್‌ನಲ್ಲಿ ನಕ್ಷೆ ಬರೆಯುತ್ತಿದ್ದ ಅವನಿಗೆ ಗೆರೆಯ ಮೇಲೆ ಹಿಡಿತವಿದೆ. ಬಂಡೆ, ಕಬ್ಬಿಣ, ನೆರಳು ಅವನ ಚಿತ್ರಗಳಲ್ಲಿ ಅಳತೆ ಮಾಡಿಟ್ಟಂತೆ ಕೂರುತ್ತವೆ. ಅವು ಅದ್ಭುತ ಚಿತ್ರಗಳು, ಎರಡು ಮಾತಿಲ್ಲ. ಆದರೂ ಸುರಂಗದ ಬಾಯಲ್ಲಿ ಲಾರಿ ಕಂಡಲ್ಲೆಲ್ಲ ಅದರ ಕೊಳವೆಯಿಂದ ಹೊರಟ ಹೊಗೆಯನ್ನೂ ನಾವೇ ಚಿತ್ರಕ್ಕೆ ಸೇರಿಸಿಕೊಂಡು ನೋಡಬೇಕು.

ಬೆಳಗಾಗುತ್ತಿದೆ. ರಾತ್ರಿಯಿಡೀ ಸುರಿದ ಕಲ್ಲು ನೀರಿನ ಮೇಲೆ ತಲೆಯೆತ್ತಿದೆ. ನದಿ ಸುರಂಗದತ್ತ ಹೊರಳಿದೆ. ಕೂಲಿಗಳು ಕೂಗಿ ಸಂಭ್ರಮಿಸುತ್ತಾರೆ, ಆದರೆ ಲಾರಿಗಳಿಗೆ ಬಿಡುವಿಲ್ಲ. ಇನ್ನು ತಾತ್ಕಾಲಿಕ ಒಡ್ಡು ಏಳಬೇಕು, ಬರಿದಾದ ನದಿಪಾತ್ರದ ಹೂಳೆಲ್ಲ ಗಟ್ಟಿ ಬಂಡೆ ಸಿಗುವ ತನಕ ಹೊರಗೆ ಹೋಗಬೇಕು. ಅಣೆಕಟ್ಟಿನ ಮೊದಲ ಬಕೆಟ್ ಕಾಂಕ್ರೀಟ್ ಬೀಳುವುದು 1933ರ ಜೂನ್ 6ಕ್ಕೆ.