ನಾಲಗೆಯ ಪಿತ್ರಾರ್ಜಿತ

ಹಿರಿಯರಿಂದ ಬರತಕ್ಕ ಆಸ್ತಿಯಲ್ಲಿ ಹೊಲಮನೆಗಳಿಗೆ ಪತ್ರವುಂಟು. ಮೂಗು ಕಣ್ಣುಗಳಿಗೆ ನೆಂಟರಿಷ್ಟರ ಸಾಕ್ಷ್ಯವುಂಟು. ನಾಲಗೆಗೆ ಮಾತ್ರ ಪತ್ರವೂ ಇಲ್ಲ, ಸಾಕ್ಷಿಯೂ ಇಲ್ಲ. ಆದುದರಿಂದಲೇ ಮಗುವು ಒಂದು ಪದಾರ್ಥವನ್ನು ಒಲ್ಲೆನೆಂದರೆ ಅದನ್ನು ಹಟವೆಂದು ಕರೆಯುವುದು ಮನೆಮನೆಯ ವಾಡಿಕೆ.

ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಈ ಹಟವು ಎಲೆಕೋಸಿನ ಪಲ್ಯದ ರೂಪವನ್ನು ತಾಳಿತ್ತು. ಮೇಷ್ಟರಿಗೆ ಅದು ಬಲು ಪ್ರಿಯ. ಎಂಟು ವರ್ಷದ ಮೊಮ್ಮಗನಾದರೋ ಅದನ್ನು ಎಲೆಯ ಅಂಚಿಗೆ ತಳ್ಳಿ, “ಕಹಿ, ತಾತ” ಎನ್ನುವನು. “ಕೋಸಿನಲ್ಲಿ ಕಹಿ ಎಲ್ಲಿಂದ ಬಂತೋ? ಅನ್ನವನ್ನು ಜರೆಯಬಾರದು; ಮುಗಿಸಿ ಏಳು” ಎಂದು ಮೇಷ್ಟರು ಗದರಿಸುವರು. ಹುಡುಗನು ಕಣ್ಣೀರಿನೊಡನೆ ನುಂಗುವನು. ಅವನ ತಂದೆಯು ಮಾತನಾಡದೆ ತನ್ನ ಎಲೆಯನ್ನೇ ನೋಡುತ್ತಿರುವನು.

ಹುಡುಗನ ಅಕ್ಕನು ಕಾಲೇಜಿನಲ್ಲಿ ಜೀವಶಾಸ್ತ್ರವನ್ನು ಓದುತ್ತಿದ್ದಳು. ಒಂದು ದಿನ ಅವಳು ಅಲ್ಲಿಂದ ನಾಲ್ಕು ಕಾಗದದ ಪಟ್ಟಿಗಳನ್ನು ತಂದು, ಒಬ್ಬೊಬ್ಬರ ನಾಲಗೆಯ ಮೇಲೂ ಒಂದೊಂದನ್ನು ಇರಿಸಿದಳು. “ಬರಿಯ ಕಾಗದ” ಎಂದರು ಮೇಷ್ಟರು. ಸೊಸೆಯೂ ಹಾಗೆಯೇ ಎಂದಳು. ತಂದೆಮಕ್ಕಳಿಬ್ಬರು ಮಾತ್ರ ಮುಖ ಕಿವುಚಿಕೊಂಡು ಬಚ್ಚಲಿಗೆ ಓಡಿದರು.

ಪಟ್ಟಿಗೆ ಹಚ್ಚಿದ್ದುದು ಫಿನೈಲ್‌ಥಯೊಕಾರ್ಬಮೈಡ್ ಎಂಬ ರಾಸಾಯನಿಕ. ಅಮೆರಿಕದ ವಿಲ್ಮಿಂಗ್ಟನ್ ನಗರದ ಡ್ಯುಪಾಂಟ್ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞನು ಇದನ್ನು ಸೀಸೆಗೆ ತುಂಬುತ್ತಿದ್ದಾಗ ಕೊಂಚ ಪುಡಿಯು ಗಾಳಿಗೆ ಹಾರಿತು. ಜೊತೆಯಲ್ಲಿದ್ದವನು ಬಾಯೆಲ್ಲ ಕಹಿಯಾಯಿತೆಂದು ದೂರಿದನು. ಪುಡಿಗೆ ಇನ್ನೂ ಹತ್ತಿರವಿದ್ದ ಫಾಕ್ಸನಿಗೆ ಯಾವ ರುಚಿಯೂ ತಿಳಿಯಲಿಲ್ಲ. ಇಬ್ಬರೂ ವಾದಿಸಿದರು; ಇಬ್ಬರ ಮಾತೂ ನಿಜವಾಗಿತ್ತು. 1932ರಲ್ಲಿ ಫಾಕ್ಸನು ಈ ಸಂಗತಿಯನ್ನು ಪ್ರಕಟಿಸಿದನು. ಅದೇ ವರ್ಷ ಬ್ಲೇಕ್ಸ್‌ಲೀ ಎಂಬ ವಿಜ್ಞಾನಿಯು ಅನೇಕ ಕುಟುಂಬಗಳನ್ನು ಪರೀಕ್ಷಿಸಿ, ಈ ಭೇದವು ವಂಶಾನುಗತವೆಂದು ತೋರಿಸಿದನು. ಇದಕ್ಕೆ ಮುಖ್ಯ ಕಾರಣವಾದ ವಂಶವಾಹಿಯು ಏಳನೆಯ ವರ್ಣತಂತುವಿನಲ್ಲಿರುವುದು 2003ರಲ್ಲಿ ಗೊತ್ತಾಯಿತು.

ಈ ವಂಶವಾಹಿಯ ಎರಡು ಪ್ರತಿಗಳು ಪ್ರತಿಯೊಬ್ಬನಲ್ಲಿಯೂ ಇರುವುವು. ಒಂದು ತಾಯಿಯದು, ಇನ್ನೊಂದು ತಂದೆಯದು. ಕಹಿಯನ್ನು ಅರಿಯುವ ಪ್ರತಿಯು ಒಂದಿದ್ದರೂ ಸಾಮಾನ್ಯವಾಗಿ ಕಹಿ ತಿಳಿಯುವುದು. ಕೋಸು, ಮೂಲಂಗಿ, ಸಾಸಿವೆಗಳ ಕುಲದಲ್ಲಿ ಇದೇ ಬಗೆಯ ರಚನೆಯುಳ್ಳ ಗಂಧಕದ ವಸ್ತುಗಳು ಹುಟ್ಟುವುವು. ಕಹಿಗೆಂದೇ ಮನುಷ್ಯನಲ್ಲಿ ಸುಮಾರು 25 ಬಗೆಯ ಗ್ರಾಹಕಗಳಿವೆ. ಕ್ವಿನೈನಿನ ಕಹಿಯನ್ನು ಅರಿಯುವುವು ಬೇರೆ. ಆದುದರಿಂದ ಮೇಷ್ಟರು ಕ್ವಿನೈನಿಗೆ ಮುಖ ಸಿಂಡರಿಸಿ, ಕೋಸನ್ನು ಸವಿದು ಉಂಡುದರಲ್ಲಿ ವಿರೋಧವೇನೂ ಇಲ್ಲ.

ಮೊಮ್ಮಗಳು ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದಾಗ ಮೇಷ್ಟರು ಬಹಳ ಹೊತ್ತು ನೋಡಿದರು. “ನನ್ನಲ್ಲಿಲ್ಲ, ನಿಮ್ಮ ತಾಯಿಯಲ್ಲಿಯೂ ಇಲ್ಲ. ಹಾಗಾದರೆ ಇವನಿಗೆ ತಂದೆಯಿಂದ ಬಂತು, ತಂದೆಗೆ?” ಎಂದು ನಿಲ್ಲಿಸಿದರು. ಮಗನು ಮೆಲ್ಲನೆ, “ಅಮ್ಮನಿಗೂ ಅದು ಕಹಿಯೇ ಆಗಿತ್ತು ಅಪ್ಪ. ನಿಮಗೆ ಹೇಳಬೇಡವೆಂದಿದ್ದಳು” ಎಂದನು.

ಆಕೆ ತೀರಿಕೊಂಡು ಆರು ವರ್ಷಗಳಾಗಿದ್ದುವು. ಗಂಡನಿಗೆ ಪ್ರಿಯವೆಂದು ವಾರಕ್ಕೆರಡು ಸಲ ಕೋಸನ್ನು ಹೆಚ್ಚಿ, ಒಗ್ಗರಣೆ ಹಾಕಿ, ಬಡಿಸಿ, ತಾನು ಮಾತ್ರ “ನನಗೆ ಸಾರು ಸಾಕು” ಎನ್ನುತ್ತಿದ್ದಳು. ಅದು ತವರಿನ ದೊಡ್ಡಸ್ತಿಕೆಯೆಂದು ಮೇಷ್ಟರು ಎಷ್ಟೋ ಸಲ ಆಡಿಕೊಂಡಿದ್ದರು.

ರುಚಿಯೆಲ್ಲವೂ ವಂಶವಾಹಿಯ ಲಿಖಿತವೆಂದು ತಿಳಿಯಬಾರದು. ಅಭ್ಯಾಸವು ಕಹಿಯನ್ನು ಸಹ್ಯವಾಗಿ ಮಾಡುವುದು. ಕಾಫಿಯನ್ನು ಕಲಿತವರೆಲ್ಲ ಇದಕ್ಕೆ ಸಾಕ್ಷಿ. ಆದರೆ ಕಲಿಸುವುದು ಬೇರೆ, ಕಹಿಯೇ ಇಲ್ಲವೆಂದು ಗದರಿಸುವುದು ಬೇರೆ. ತನ್ನ ನಾಲಗೆಗೆ ತಿಳಿಯದುದು ಲೋಕದಲ್ಲಿಯೇ ಇಲ್ಲವೆಂಬ ತೀರ್ಪನ್ನು ಮೇಷ್ಟರು ನಲವತ್ತು ವರ್ಷ ನಡೆಸಿಕೊಂಡು ಬಂದಿದ್ದರು. ಅದರ ಮೇಲ್ಮನವಿಯನ್ನು ಕೇಳಬೇಕಾದವಳು ಈಗ ಇರಲಿಲ್ಲ.

ಮರುದಿನ ಊಟಕ್ಕೆ ಕೋಸಿನ ಪಲ್ಯವೇ ಆಗಿತ್ತು. ಸೊಸೆಯು ಹುಡುಗನ ಎಲೆಯ ಬಳಿಗೆ ಬಂದಾಗ ಮೇಷ್ಟರು ಕೈಯನ್ನು ಅಡ್ಡ ಹಿಡಿದು, “ಅವನಿಗೆ ಸಾರು ಬಡಿಸಮ್ಮ” ಎಂದರು. ಆ ದಿನ ಅವರು ತಮ್ಮ ಪಾಲಿನ ಪಲ್ಯವನ್ನು ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.