ಒಮ್ಮೆ ಇಳಿಸಿದ್ದು ಎಲ್ಲರಿಗೂ

2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಗೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಲ್ಲಿ ನಾನು ಕಲಿಸುತ್ತಿದ್ದ ಸಣ್ಣ ಕಂಪ್ಯೂಟರ್ ಕೇಂದ್ರದಲ್ಲಿ ಇದ್ದದ್ದೆಲ್ಲ ಎಕ್ಸ್‌ಪಿಯೇ. ಹೊಸ ಯಂತ್ರ ಕೊಳ್ಳುವ ಶಕ್ತಿ ಇರಲಿಲ್ಲ, ಪುಕ್ಕಟೆ ಸಿಗುವ ಲಿನಕ್ಸ್ ವ್ಯವಸ್ಥೆ ಉಬುಂಟು ಹಾಕಿದೆವು. ಅಂಚೆಯಲ್ಲಿ ಪುಕ್ಕಟೆ ಬರುತ್ತಿದ್ದ ಉಬುಂಟು ಸಿ.ಡಿ.ಗಳು 2011ಕ್ಕೇ ನಿಂತಿದ್ದವು. ಕಲಬುರಗಿಯಲ್ಲಿ ಓದುತ್ತಿದ್ದ ಹುಡುಗನೊಬ್ಬ 14.04ರ ಡಿವಿಡಿ ಬರೆದು ತಂದುಕೊಟ್ಟ.

ಡಿವಿಡಿಯಲ್ಲಿ ಇಲ್ಲದ್ದು ಬಹಳವಿತ್ತು. ಗಣಿತದ ಜಿಯೋಜೀಬ್ರಾ, ಟಕ್ಸ್ ಪೇಂಟ್, ವಿಎಲ್‌ಸಿ, ಮೇಲೆ ಭದ್ರತಾ ಅಪ್‌ಡೇಟುಗಳು. ನಮ್ಮಲ್ಲಿದ್ದದ್ದು ಕಿಟಕಿಯ ಸರಳಿಗೆ ಕಟ್ಟಿದ ಒಂದು ಡಾಂಗಲ್. ಸೆಕೆಂಡಿಗೆ 15 ಕೆಬಿ ಬಂದರೆ ಅದೇ ಒಳ್ಳೆಯ ದಿನ; ಆ ವೇಗಕ್ಕೆ 100 ಎಂಬಿ ಇಳಿಯಲು ಹತ್ತಿರಹತ್ತಿರ ಎರಡು ತಾಸು ಬೇಕು. ಅದನ್ನೇ ಪ್ರತಿ ಕಂಪ್ಯೂಟರಿಗೂ ಬೇರೆಬೇರೆಯಾಗಿ ಇಳಿಸಬೇಕಿತ್ತು, ಪ್ರತಿ ಸಲವೂ ಡಾಟಾದ ದುಡ್ಡು ಕೊಟ್ಟು.

ಹುಮನಾಬಾದಿನ ಗೆಳೆಯರೊಬ್ಬರು ಆಪ್ಟ್-ಕ್ಯಾಚರ್-ಎನ್‌ಜಿ ತೋರಿಸಿದರು. ಉಬುಂಟುವಿಗೆ ಮೂಲವಾದ ಡೆಬಿಯನ್‌ಗಾಗಿ ಎಡ್ವರ್ಡ್ ಬ್ಲಾಖ್ ಬರೆದ, ಒಮ್ಮೆ ಇಳಿಸಿದ್ದನ್ನು ಕೂಡಿಟ್ಟು ಎಲ್ಲರಿಗೂ ಕೊಡುವ ಪ್ರಾಕ್ಸಿ ತಂತ್ರಾಂಶ. ಒಂದು ಹಳೆಯ ಯಂತ್ರದಲ್ಲಿ ಹಾಕಿದರೆ 3142ನೇ ಪೋರ್ಟಿನಲ್ಲಿ ಕೂತಿರುತ್ತದೆ. ಉಳಿದವುಗಳಲ್ಲಿ, ಪ್ಯಾಕೇಜುಗಳನ್ನು ತಂದು ಹಾಕುವ ಆಪ್ಟ್‌ನ ಸೆಟ್ಟಿಂಗ್ಸ್ ಫೋಲ್ಡರಿಗೆ ಒಂದು ಫೈಲು ಸೇರಿಸಬೇಕು, ಅದರಲ್ಲಿ ಒಂದೇ ಸಾಲು: ಪ್ರಾಕ್ಸಿಯ ಐಪಿ ವಿಳಾಸ, ಪೋರ್ಟು, ಕೊನೆಗೆ ಸೆಮಿಕೋಲನ್. ಆ ಸೆಮಿಕೋಲನ್ ಬಿಟ್ಟರೆ ಆಪ್ಟ್ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ. ಮೊದಲ ಯಂತ್ರ ಕೇಳಿದ ಪ್ಯಾಕೇಜು ಡಾಂಗಲ್‌ನಿಂದ ತೆವಳುತ್ತಾ ಬಂತು. ಎರಡನೆಯದು ಕೇಳಿದಾಗ ಅದೇ ಪ್ಯಾಕೇಜು ನಮ್ಮ ಸ್ವಿಚ್ಚಿನ ವೈರಿನಲ್ಲೇ ಓಡಿಬಂತು. ಸಂದೇಹಪಟ್ಟವರೂ ಇದ್ದರು: ನಡುವೆ ಕೂಡಿಟ್ಟ ಫೈಲನ್ನು ನಂಬುವುದು ಹೇಗೆ? ಪ್ಯಾಕೇಜುಗಳ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ, ಪ್ರತಿ ಪ್ಯಾಕೇಜನ್ನೂ ಆಪ್ಟ್ ಆ ಪಟ್ಟಿಯ ಲೆಕ್ಕಕ್ಕೆ ತಾಳೆ ನೋಡಿಯೇ ಒಳಗೆ ಬಿಡುತ್ತದೆ.

ಒಂದು ಮಳೆಯ ಮಧ್ಯಾಹ್ನ ನೆಟ್‌ವರ್ಕ್ ಪೂರಾ ಹೋಗಿತ್ತು. ಹಿಂದಿನ ಸಾಲಿನ ಹುಡುಗಿ ಎದ್ದು ನಿಂತು, "ಸರ್, ನೆಟ್ ಬಂದ್ ಅದ, ಆದ್ರೂ ಜಿಯೋಜೀಬ್ರಾ ಇನ್‌ಸ್ಟಾಲ್ ಆಗ್ಲಕತ್ತದ್ರಿ" ಎಂದಳು. ಊರ ಹಗೇವಿನಲ್ಲಿ ಜೋಳ ಇದ್ದಂತೆ ಅದು ನಮ್ಮಲ್ಲೇ ಇತ್ತು. ಪ್ರಾಕ್ಸಿಯ ವರದಿ ಪುಟ ತೆರೆದು, ಎಷ್ಟು ಹೊರಗಿನಿಂದ ಬಂತು, ಎಷ್ಟು ಇಲ್ಲೇ ಸಿಕ್ಕಿತು ಎಂದು ಎಲ್ಲರಿಗೂ ತೋರಿಸಿದೆ. ಇಂಟರ್ನೆಟ್ ಎಂದರೇನೆಂದು ಪುಸ್ತಕ ಹಿಡಿದು ಹೇಳಿದ್ದಕ್ಕಿಂತ ಆ ಪುಟ ಹೆಚ್ಚು ತಿಳಿಸಿಕೊಟ್ಟಿತು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾಯಿತು. ಕ್ರಮೇಣ ಮಕ್ಕಳ ಜೇಬಿನಲ್ಲೇ ದಿನಕ್ಕೆ ಜಿಬಿಗಟ್ಟಲೆ ಡಾಟಾ. ಸ್ವಂತ ಲ್ಯಾಪ್‌ಟಾಪ್ ತರುವವರು ಬಂದರು. ಪ್ರಾಕ್ಸಿಯ ಸಾಲು ಬರೆದ ಲ್ಯಾಪ್‌ಟಾಪು ಮನೆಯಲ್ಲಿ ಅಪ್‌ಡೇಟ್ ಆಗುತ್ತಿರಲಿಲ್ಲ, ಅಲ್ಲಿ ಆ ವಿಳಾಸವೇ ಇಲ್ಲವಲ್ಲ. ಅದಕ್ಕೆ, ಪ್ರಾಕ್ಸಿ ಸಿಕ್ಕರೆ ಬಳಸು, ಇಲ್ಲದಿದ್ದರೆ ನೇರ ಹೋಗು ಎನ್ನುವ ಪುಟ್ಟ ಸ್ಕ್ರಿಪ್ಟು ಹಾಕಿದೆವು.

ಪ್ರಾಕ್ಸಿಗೆ ನಿಜವಾದ ಪೆಟ್ಟು ಬಿದ್ದದ್ದು 2022ರಲ್ಲಿ. ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಬೇರೆ ಬಗೆಯ ಪ್ಯಾಕೇಜು ಆಯಿತು. ಸ್ನ್ಯಾಪ್ ಬರುವುದು ಆಪ್ಟ್‌ನ ದಾರಿಯಲ್ಲಲ್ಲ, ಎಚ್‌ಟಿಟಿಪಿಎಸ್‌ನಲ್ಲಿ; ನಮ್ಮ ಪ್ರಾಕ್ಸಿಗೆ ಅದನ್ನು ಹಿಡಿದಿಡಲು ಬರುವುದಿಲ್ಲ. ಮತ್ತೆ ಒಂದೊಂದು ಯಂತ್ರಕ್ಕೂ ಬೇರೆಬೇರೆ ಇಳಿಸುವ ಪಾಡು. ಡಾಟಾ ಅಗ್ಗವಾಗಿದೆ, ಬಿಡಿ ಎಂದವರ ಮಾತು ನನಗೆ ಹಿಡಿಸಲಿಲ್ಲ. ಮಳೆಗಾಲದಲ್ಲಿ ಮುಡಬಿಯ ಸಿಗ್ನಲ್ ಈಗಲೂ ಹೋಗುತ್ತದೆ. 2023ರ ಜೂನಿನಲ್ಲಿ ಡೆಬಿಯನ್ 12 ಬಂದಾಗ ಕೇಂದ್ರದ ಯಂತ್ರಗಳಿಗೆಲ್ಲ ಅದನ್ನೇ ಹಾಕಿದೆವು. ಅಲ್ಲಿ ಫೈರ್‌ಫಾಕ್ಸ್ ಇನ್ನೂ ಆಪ್ಟ್‌ನಲ್ಲೇ ಬರುತ್ತದೆ, 3142ರ ಮೂಲಕವೇ.