ನಲವತ್ತು ಹಂದಿಗಳೂ ಒಂದು ದುಂಡು ಬುರುಜೂ

ಇಂಗ್ಲೆಂಡಿನ ರಾಚೆಸ್ಟರ್ ಕೋಟೆಯ ನಡುಗೋಪುರವನ್ನು ನೋಡಿದವರಿಗೆ ಒಂದು ಸಂಶಯ ಬಾರದೆ ಇರದು. ನಾಲ್ಕು ಮೂಲೆಗಳ ಬುರುಜುಗಳಲ್ಲಿ ಮೂರು ಚೌಕ, ಒಂದು ಮಾತ್ರ ದುಂಡು. ಕಟ್ಟಿದವರಿಗೆ ಲೆಕ್ಕ ತಪ್ಪಿತೇ? ಇಲ್ಲ. ಅದರ ಹಿಂದೆ ನಲವತ್ತು ಹಂದಿಗಳ ಕಥೆಯಿದೆ.

ಈ ಗೋಪುರವನ್ನು 1127ರಲ್ಲಿ ಕಟ್ಟಲು ತೊಡಗಿದವನು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್. ಧರ್ಮಗುರುವಿಗೇಕೆ ಕೋಟೆ ಎನ್ನಬೇಡಿ. ಆ ಕಾಲದಲ್ಲಿ ಅವರೂ ದೊಡ್ಡ ಜಮೀನುದಾರರೇ. ಲಂಡನ್ನಿನಿಂದ ಡೋವರ್ ಬಂದರಿಗೆ ಹೋಗುವ ಹಾದಿ ಮೆಡ್ವೇ ನದಿಯನ್ನು ದಾಟುವುದು ಇಲ್ಲೇ. ಕೋಟೆ ಯಾರ ಕೈಯಲ್ಲೋ ಸೇತುವೆ ಅವರ ಕೈಯಲ್ಲಿ. ಮಧ್ಯಯುಗದ ಯೂರೋಪಿನ ಕೋಟೆ ಒಡೆಯನ ಮನೆ, ಕಚೇರಿ, ಉಗ್ರಾಣ ಎಲ್ಲವೂ ಹೌದು. ಆದರೆ ಅದರ ರಚನೆಯ ಗುಟ್ಟು ಒಂದೇ: ಕೆಲವೇ ಜನ ನೂರಾರು ಜನರನ್ನು ತಡೆಯಬೇಕು. ವೇಲ್ಸಿನ ಕಾನ್ವಿ ಕೋಟೆಗೆ 1284ರಲ್ಲಿ ಗೊತ್ತುಮಾಡಿದ ಕಾವಲು ಬರೇ 30 ಮಂದಿ. ಅದರಲ್ಲಿ ಬಡಗಿ, ಕಮ್ಮಾರ, ಪಾದ್ರಿಯೂ ಸೇರಿದ್ದರು!

1215ರ ಜೂನ್‌ನಲ್ಲಿ ಮ್ಯಾಗ್ನಾಕಾರ್ಟಕ್ಕೆ ಮುದ್ರೆಯೊತ್ತಿದ ಜಾನ್ ದೊರೆಗೂ ಅವನ ಸರದಾರರಿಗೂ ಮತ್ತೆ ಕೆಟ್ಟಿತು. ಬಂಡಾಯಗಾರರು ರಾಚೆಸ್ಟರ್ ಕೋಟೆಯನ್ನು ಹಿಡಿದು ಕೂತರು. ದೊರೆಯ ಕಲ್ಲೆಸೆಯುವ ಯಂತ್ರಗಳು ಗೋಪುರದ ದಪ್ಪ ಗೋಡೆಯ ಮುಂದೆ ಸೋತವು. ಆಗ ಅವನ ಜನ ನೆಲದೊಳಗೆ ಇಳಿದರು. ಆಗ್ನೇಯ ಮೂಲೆಯ ತಳಪಾಯದ ಕೆಳಗೆ ಸುರಂಗ ಕೊರೆದು, ಮೇಲಿನ ಭಾರಕ್ಕೆ ಮರದ ದಿಮ್ಮಿಗಳ ಆಸರೆ ಕೊಟ್ಟರು. ನವೆಂಬರ್ 25ರಂದು ದೊರೆಯ ಅಪ್ಪಣೆ ಹೊರಟಿತು: ತಿನ್ನಲು ಒಗ್ಗದ, ಚೆನ್ನಾಗಿ ಕೊಬ್ಬಿದ 40 ಹಂದಿಗಳನ್ನು ಕೂಡಲೇ ಕಳುಹಿಸಬೇಕು.

ಹಂದಿಯೇಕೆ? ಸುರಂಗದಲ್ಲಿ ಗಾಳಿ ಕಡಿಮೆ, ಮಣ್ಣು ತೇವ. ದಪ್ಪ ದಿಮ್ಮಿ ಸುಲಭಕ್ಕೆ ಹೊತ್ತಿಕೊಳ್ಳದು. ಕೊಬ್ಬಾದರೋ ಕರಗಿ ಮರದ ಮೇಲೆ ಹರಡುತ್ತದೆ, ಒಂದೇ ತೂಕದ ಒಣ ಸೌದೆಗಿಂತ ಸುಮಾರು ಎರಡರಷ್ಟು ಶಾಖ ಕೊಡುತ್ತದೆ. ದಿಮ್ಮಿಗಳು ಉರಿದವು, ಮೂಲೆ ಕುಸಿಯಿತು.

ಆದರೂ ಒಳಗಿದ್ದವರು ಸೋಲೊಪ್ಪಲಿಲ್ಲ. ಗೋಪುರವನ್ನು ನಡುವೆ ಸೀಳುವ ಅಡ್ಡಗೋಡೆಯೊಂದಿತ್ತು. ಅದರ ಆಚೆಗೆ ಸರಿದು ಹೋರಾಡಿದರು. ತಮ್ಮ ಕುದುರೆಗಳನ್ನೇ ಕೊಂದು ತಿಂದರು. ಕೊನೆಗೆ ಅವರನ್ನು ಹೊರಗೆ ತಂದದ್ದು ಹಸಿವು. ನವೆಂಬರ್ 30ರಂದು ಶರಣಾದರು.

ಜಾನನ ಮಗ ಮೂರನೆಯ ಹೆನ್ರಿಯ ಕಾಲದಲ್ಲಿ ಆ ಮೂಲೆಯನ್ನು ಮತ್ತೆ ಕಟ್ಟುವಾಗ ದುಂಡಗೆ ಕಟ್ಟಿದರು. ಚೌಕ ಮೂಲೆಯ ಕಲ್ಲಿಗೆ ಎರಡು ಮುಖ ಬಯಲು. ಹಾರೆ ಹಾಕಿ ಮೀಟಿದರೆ ಸಡಿಲವಾಗುತ್ತದೆ. ದುಂಡು ಗೋಡೆಯಲ್ಲಿ ಹೊರಗಿನ ಪೆಟ್ಟು ಕಲ್ಲುಗಳನ್ನು ಒಂದಕ್ಕೊಂದು ಒತ್ತಿ ಬಿಗಿಮಾಡುತ್ತದೆ. ಬುಡದಲ್ಲಿ ಅವಿತ ಶತ್ರು ಮೇಲಿನ ಬಿಲ್ಲುಗಾರನ ಕಣ್ಣಿಗೂ ಬೀಳುತ್ತಾನೆ. ಬುಡದ ಮಣ್ಣನ್ನೇ ತೆಗೆದರೆ ದುಂಡೂ ಬೀಳುತ್ತದೆ ಅನ್ನಿ.

1264ರಲ್ಲಿ ಇದೇ ಗೋಪುರಕ್ಕೆ ಮತ್ತೆ ಮುತ್ತಿಗೆ ಬಿತ್ತು. ಆ ಸಲ ನೆರವಿನ ಸೇನೆ ಬಂದು ಅದು ಉಳಿಯಿತು. ಉಳಿದ ಮೂರು ಬುರುಜುಗಳು ಇಂದಿಗೂ ಚೌಕವಾಗಿಯೇ ನಿಂತಿವೆ.